ಶಾಲು ಯಾರ ಹೆಗಲಿಗೆ, ತಮಟೆ ಯಾರ ಹೆಗಲಿಗೆ?

ಕಲೆಗೆ ಜಾತಿ ಇಲ್ಲವಂತೆ. ಶಿವಮೊಗ್ಗ, ಭದ್ರಾವತಿಯ ಹೈಸ್ಕೂಲುಗಳ ವಾರ್ಷಿಕೋತ್ಸವಕ್ಕೆ ಹೋದರೆ ಈ ಮಾತು ಕಿವಿಗೆ ಬೀಳದೆ ಇರೋದಿಲ್ಲ. ವೇದಿಕೆ ಮೇಲೆ ಹಳೇ ವಿದ್ಯಾರ್ಥಿಯೊಬ್ಬರು ಕೂತಿರ್ತಾರೆ. ಹಾಡುಗಾರರೋ, ನಟರೋ, ನೃತ್ಯ ಕಲಿತವರೋ. ಅವರಿಗೊಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ‘ಇವರು ನಮ್ಮ ಶಾಲೆಯ ಹೆಮ್ಮೆ’ ಅಂತ ಹೆಡ್‌ಮಾಸ್ಟರು ಹೇಳ್ತಾರೆ. ಚಪ್ಪಾಳೆ ಬೀಳುತ್ತೆ. ಅದೇ ಹೊತ್ತಿಗೆ, ಆ ಅತಿಥಿಗಳನ್ನು ಮೆರವಣಿಗೆಯಲ್ಲಿ ಕರೆತಂದ ತಮಟೆಯವರು ಗೇಟಿನ ಹತ್ತಿರ ದುಡ್ಡಿಗೆ ಕಾಯ್ತಾ ನಿಂತಿರ್ತಾರೆ. ಅವರಲ್ಲೂ ಅದೇ ಶಾಲೆಯ ಬೆಂಚಿನ ಮೇಲೆ ಕೂತು ಓದಿದವನೊಬ್ಬ ಇರಬಹುದು. ಅವನು ಹಳೇ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಇಲ್ಲ. ಖರ್ಚಿನ ಚೀಟಿಯಲ್ಲಿ ಇದ್ದಾನೆ.

ವಿದ್ಯಾರ್ಥಿ ಮಿತ್ರರೇ, ಶಾಲು ಹೊದ್ದವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರು ಕಷ್ಟಪಟ್ಟು ಕಲಿತಿದ್ದಾರೆ, ಹೊದ್ದುಕೊಳ್ಳಲಿ. ನಮ್ಮ ಪ್ರಶ್ನೆ ಹೊದಿಸುವವರಿಗೆ. ಸ್ವಾಮಿ, ಈ ಹೆಮ್ಮೆಯಲ್ಲಿ ನಿಮ್ಮ ಶಾಲೆಯ ಪಾಲೆಷ್ಟು? ಆ ಹುಡುಗನಿಗೆ ಸ್ವರ ಹೇಳಿಕೊಟ್ಟವರು ಯಾರು? ಹಾರ್ಮೋನಿಯಂ ಕೊಡಿಸಿದವರು ಯಾರು? ಅವನಿಗೆ ಸಿಕ್ಕಿದ್ದು ಹಾಸ್ಟೆಲಿನ ಹುಡುಗನಿಗೆ ಯಾಕೆ ಸಿಗಲಿಲ್ಲ? ಇದಕ್ಕೆಲ್ಲ ‘ಪ್ರತಿಭೆ’ ಅನ್ನೋ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಜಾರಿಕೊಳ್ಳೋದನ್ನು ನಾವು ಒಪ್ಪೋದಿಲ್ಲ.

ಒಬ್ಬ ಕಲಾವಿದ ಹೇಗೆ ತಯಾರಾಗ್ತಾನೆ ಅಂತ ನಮ್ಮ ಊರುಗಳನ್ನೇ ನೋಡಿ ಲೆಕ್ಕ ಹಾಕೋಣ. ಶಿವಮೊಗ್ಗ ಸುಬ್ಬಣ್ಣನವರ ಹೆಸರು ಕೇಳದವರಿಲ್ಲ. 1938ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು, 2022ರಲ್ಲಿ ತೀರಿಕೊಂಡರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ತಂದ ಮೊದಲ ಕನ್ನಡ ಗಾಯಕರಾದರು. ಅಂಥ ಕಂಠ ಅಪರೂಪದ್ದು. ಆದರೆ ಅವರು ಕಾನೂನು ಓದಿದ ವಕೀಲರೂ ಆಗಿದ್ದರು ಅನ್ನೋದನ್ನು ಮರೀಬೇಡಿ. ಇನ್ನು ಭದ್ರಾವತಿ. ಸಿನಿಮಾದಲ್ಲಿ ನಮ್ಮನ್ನೆಲ್ಲ ನಗಿಸಿದ ದೊಡ್ಡಣ್ಣನವರು ಕಬ್ಬಿಣದ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಾ ನಾಟಕ ಆಡಿದವರು. ತಿಂಗಳಾದರೆ ಸಂಬಳ ಬರುತ್ತಿತ್ತು, ಪಾಳಿ ಮುಗಿದ ಮೇಲೆ ತಾಲೀಮಿಗೆ ಹೊತ್ತು ಸಿಗುತ್ತಿತ್ತು.

ಕಲೆಯಿಂದ ಬದುಕಿದವರು ನಮ್ಮ ನಾಡಿನಲ್ಲಿ ಕಡಿಮೆ. ಬದುಕು ನಡೀತಿದ್ದುದರಿಂದ ಕಲೆ ಮಾಡಿದವರೇ ಹೆಚ್ಚು. ಹೊಟ್ಟೆಪಾಡಿಗೆ ಒಂದು ದಾರಿ, ಸಂಜೆ ಹೊತ್ತು ಬಿಡುವು, ಹೇಳಿಕೊಡುವ ಗುರು, ಕೈಗೆ ಸಿಗುವ ವಾದ್ಯ, ಕರೆಯುವ ವೇದಿಕೆ. ಈ ಐದೂ ಸೇರಿದ ಮೇಲೆ ಪ್ರತಿಭೆಯ ಮಾತು. ಕೇರಿಯ ಮಗುವಿಗೆ ಈ ಐದರಲ್ಲಿ ಎಷ್ಟಿವೆ? ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಶುರು ಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚೋಕೆ 2023ರ ಜನವರಿಯಲ್ಲಿ ಸೈಲ್ ಮಂಡಳಿ ಒಪ್ಪಿಗೆ ಕೊಟ್ಟಿತು. ನೂರು ವರ್ಷದ ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆ! ಕಾರ್ಮಿಕರು ಬೀದಿಗೆ ಇಳಿದ ಮೇಲೆ ಒಂದಿಷ್ಟು ಉಸಿರು ಉಳಿಯಿತು. ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ ನಿಂತಿದ್ದವು. ಕಾಯಂ ಕೆಲಸ ಹೋದ ಊರಲ್ಲಿ ತಾಲೀಮಿನ ಹೊತ್ತೂ ಹೋಗುತ್ತೆ. ಗುತ್ತಿಗೆ ಕೂಲಿ ಮಾಡಿ ರಾತ್ರಿ ಮನೆಗೆ ಬಂದವನಿಗೆ ನಾಟಕದ ಮಾತು ಬಾಯಿಪಾಠ ಮಾಡು ಅಂತ ಹೇಳೋಕೆ ಆಗುತ್ತಾ?

ಈಗ ವಾದ್ಯದ ಮಾತಿಗೆ ಬರೋಣ. ನಮ್ಮ ಭಾಷೆಯನ್ನೇ ಗಮನಿಸಿ. ವೀಣೆ ನುಡಿಸ್ತಾರೆ, ಮೃದಂಗ ನುಡಿಸ್ತಾರೆ, ತಮಟೆ ಮಾತ್ರ ಬಡೀತಾರೆ! ನುಡಿಸೋನು ವಿದ್ವಾನ್, ಬಡಿಯೋನು ಆಳು. ಸಾವಿಗೊಂದು ಗತ್ತು, ಮದುವೆಗೊಂದು ಗತ್ತು, ದೇವರ ಉತ್ಸವಕ್ಕೊಂದು ಗತ್ತು. ಬೆಂಕಿಗೆ ಹಿಡಿದು ಎಷ್ಟು ಕಾಯಿಸಿದರೆ ಚರ್ಮ ಹದಕ್ಕೆ ಬರುತ್ತೆ, ಬಲಗೈಯ ಕೋಲು ಎಲ್ಲಿ ಬೀಳಬೇಕು, ಎಡಗೈಯ ಸಣ್ಣ ಕಡ್ಡಿ ಎಲ್ಲಿ ಮಿಡಿಯಬೇಕು. ಇದನ್ನೆಲ್ಲ ವರ್ಷಗಟ್ಟಲೆ ಅಪ್ಪನ ಪಕ್ಕ ನಿಂತು ಕಲೀಬೇಕು. ಇದು ವಿದ್ಯೆ ಅಲ್ಲವಾ?

‘ಅದು ಸತ್ತ ದನದ ಚರ್ಮ’ ಅಂತ ಮೂಗು ಮುಚ್ಚುವವರು ಒಂದು ವಿಷಯ ತಿಳೀಬೇಕು. ದೇವರ ಮುಂದೆ ಕೂತು ನುಡಿಸುವ ಮೃದಂಗದ ಮುಚ್ಚಿಗೆಗೂ ಬಾರಿಗೂ ಹಸು, ಮೇಕೆ, ಎಮ್ಮೆಯ ಚರ್ಮವೇ ಆಗಬೇಕು. ಅದನ್ನು ಹದ ಮಾಡಿ ಬಿಗಿದು ಕೊಡುವ ಕೈಗಳಲ್ಲಿ ಬಹಳಷ್ಟು ದಲಿತರವು. ಈ ಕುಶಲಕರ್ಮಿಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಅನ್ನೋ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಮದ್ರಾಸಿನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು, ಆಮೇಲೆ ಕೊಡೋದಿಲ್ಲ ಅಂದಿತು. ಚರ್ಮದ ನಾದ ಬೇಕು, ಚರ್ಮದ ಕಥೆ ಬೇಡ. ಇದಲ್ಲವೇ ಕಲೆಗೆ ಜಾತಿ ಇಲ್ಲ ಅನ್ನೋದರ ನಿಜವಾದ ಅರ್ಥ?

ವಾದ್ಯಕ್ಕೆ ಮರ್ಯಾದೆ ಆಕಾಶದಿಂದ ಇಳಿಯೋದಿಲ್ಲ. ಕುರ್ಚಿಯಲ್ಲಿ ಕೂತ ಮನುಷ್ಯರು ಕೊಡ್ತಾರೆ, ಅವರೇ ಕಿತ್ತುಕೊಳ್ತಾರೆ. ಕಂಪನಿ ನಾಟಕಗಳಲ್ಲಿ ರಾಜನಂತೆ ಮೆರೆದ ಹಾರ್ಮೋನಿಯಂ ಅನ್ನು 1940ರಲ್ಲಿ ಆಕಾಶವಾಣಿ ಹೊರಗಟ್ಟಿತು. ಅದು ಭಾರತೀಯ ಸಂಗೀತಕ್ಕೆ ಒಗ್ಗೋದಿಲ್ಲ ಅಂತ ಪಂಡಿತರು ಹೇಳಿದ್ದರು. ಮೂವತ್ತು ವರ್ಷ ಕಳೆದು 1971ರಲ್ಲಿ ಬಾಗಿಲು ತೆರೆಯಿತು. ಆ ಮೂವತ್ತು ವರ್ಷದಲ್ಲಿ ಪೆಟ್ಟಿಗೆಯೂ ಬದಲಾಗಲಿಲ್ಲ, ಸ್ವರವೂ ಬದಲಾಗಲಿಲ್ಲ. ಕೂತವರ ಮನಸ್ಸು ಬದಲಾಯಿತು ಅಷ್ಟೆ. ಒಂದು ವಾದ್ಯಕ್ಕೆ ಆಗಿದ್ದು ಇನ್ನೊಂದಕ್ಕೆ ಯಾಕೆ ಆಗಬಾರದು?

ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಸರ್ಕಾರಿ ಪರೀಕ್ಷೆಗಳ ಮೆಟ್ಟಿಲಿದೆ. ಆ ಮೆಟ್ಟಿಲು ಕಟ್ಟಿದ್ದು ಶಾಸ್ತ್ರೀಯ ಸಂಗೀತ, ನೃತ್ಯಗಳಿಗೆ. ಹತ್ತುವವರು ಸಂಜೆ ಪಾಠಕ್ಕೆ ತಿಂಗಳು ತಿಂಗಳು ಫೀಸು ಕಟ್ಟಬಲ್ಲ ಮನೆಯ ಮಕ್ಕಳು. ಶಾಲೆಗಳಲ್ಲಿ ‘ಪ್ರತಿಭಾ ಕಾರಂಜಿ’ ನಡೆಯುತ್ತೆ. ಹೆಸರು ಚೆನ್ನಾಗಿದೆ. ಆದರೆ ನೀರು ಹಾಯಿಸದೆ ಕಾರಂಜಿ ಎಲ್ಲಿಂದ ಚಿಮ್ಮೀತು? ಸ್ಪರ್ಧೆಗೆ ನಾಲ್ಕು ದಿನ ಇರುವಾಗ ಹೆಸರು ಬರೆದುಕೊಳ್ತಾರೆ. ಖಾಸಗಿಯಾಗಿ ಐದು ವರ್ಷ ಭರತನಾಟ್ಯ ಕಲಿತ ಮಗುವನ್ನೂ, ಹಾಸ್ಟೆಲಿನ ವರಾಂಡದಲ್ಲಿ ತಾನೇ ಹಾಡು ಕಟ್ಟಿಕೊಂಡ ಮಗುವನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಓಡು ಅಂತಾರೆ. ಗೆದ್ದದ್ದು ಪ್ರತಿಭೆ ಅಂತ ಬರೀತಾರೆ.

ಪಕ್ಕದ ಕೇರಳವನ್ನು ನೋಡಿ. ಅಲ್ಲಿ ರಾಜ್ಯ ಶಾಲಾ ಕಲೋತ್ಸವ 1957ರಲ್ಲಿ ಶುರುವಾಯಿತು. 1958ರಲ್ಲಿ ಹಾಡಿಗೆ ಯೇಸುದಾಸ್, ಮೃದಂಗಕ್ಕೆ ಜಯಚಂದ್ರನ್ ಎಂಬ ಹುಡುಗರು ಬಹುಮಾನ ಪಡೆದರು. ಇಬ್ಬರೂ ಮುಂದೆ ಏನಾದರು ಅಂತ ನಿಮಗೆ ಗೊತ್ತು. ಶಾಲೆ ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಅದೇ ಕಲೋತ್ಸವಕ್ಕೆ ಆದಿವಾಸಿಗಳ ಕಲೆ ಸ್ಪರ್ಧೆಯಾಗಿ ಬಂದದ್ದು 2025ರ ಜನವರಿಯಲ್ಲಿ. ಕಾಸರಗೋಡು ಕಡೆಯ ಮಾವಿಲನ್, ಮಲವೇಟ್ಟುವನ್ ಜನರ ಮಂಗಲಂಕಳಿ ಸೇರಿ ಐದು ಪ್ರಕಾರಗಳು. ಸುಮಾರು ಎಪ್ಪತ್ತು ವರ್ಷ ಕಾಯಬೇಕಾಯಿತು. ತಡವಾದರೂ ಅವರು ಮಾಡಿದರು. ನಮ್ಮಲ್ಲಿ ಯಾವಾಗ?

ಮೈಸೂರಿನಲ್ಲಿ ಸರ್ಕಾರದ ಸಂಗೀತ ವಿಶ್ವವಿದ್ಯಾಲಯ ಇದೆ. ಅದಕ್ಕೆ ಗಂಗೂಬಾಯಿ ಹಾನಗಲ್ ಅವರ ಹೆಸರು. ಆ ತಾಯಿ ಹುಡುಗಿಯಾಗಿದ್ದಾಗ ಧಾರವಾಡದ ಮೇಲುಜಾತಿಯವರ ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಅಂತ ಹಂಗಿಸುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಸಭೆಯಲ್ಲಿ, ಸ್ವಾಗತದ ಹಾಡು ಹಾಡಿದ ಬಾಲಕಿಯರಲ್ಲಿ ಆಕೆ ಒಬ್ಬಳು. ಜಾತಿಯ ಕಾರಣಕ್ಕೆ ಊಟದ ಹೊತ್ತಿಗೆ ಏನು ಅವಮಾನ ಕಾದಿದೆಯೋ ಎಂಬ ಅಂಜಿಕೆ ಹಾಡಿನ ಜೊತೆಗೇ ಇತ್ತು ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಹೈಸ್ಕೂಲು ಮೆಟ್ಟಿಲು ಹತ್ತದ ಹೆಣ್ಣುಮಗಳಿಗೆ 2002ರಲ್ಲಿ ಪದ್ಮವಿಭೂಷಣ ಬಂತು, ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರೇ ಬಂತು. ಸಂತೋಷ. ಆದರೆ ಆಕೆಯನ್ನು ಆ ಎತ್ತರಕ್ಕೆ ಒಯ್ದದ್ದು ತಾಯಿಯ ತ್ಯಾಗ, ಗುರು ಸವಾಯಿ ಗಂಧರ್ವರ ಪಾಠ, ಸ್ವಂತ ಛಲ. ಶಾಲೆ ಅಲ್ಲ, ಸಮಾಜ ಅಲ್ಲ. ಹೆಸರು ಬೋರ್ಡಿಗೆ ಹಾಕಿದರೆ ಋಣ ತೀರೋದಿಲ್ಲ. ಇವತ್ತು ಅದೇ ಅಂಜಿಕೆ ಹೊತ್ತು ಹಾಡುವ ಹುಡುಗಿಯನ್ನು ಹುಡುಕಿ ಒಳಗೆ ಕೂರಿಸಿದರೆ ತೀರುತ್ತೆ.

‘2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಕೊಟ್ಟರಲ್ಲ’ ಅಂತ ಯಾರಾದರೂ ಕೇಳಬಹುದು. ಕೊಟ್ಟರು. ಎಪ್ಪತ್ತು ದಾಟಿದ ಮೇಲೆ ಕೊಟ್ಟರು. ನಾವು ಕೇಳ್ತಿರೋದು ಹದಿನಾಲ್ಕನೇ ವಯಸ್ಸಿನಲ್ಲಿ ಕೊಡಬೇಕಾದ್ದನ್ನು: ಪಾಠ, ವಾದ್ಯ, ಬಿಡುವು, ಒಂದು ಸರ್ಟಿಫಿಕೇಟು.

ಇಲ್ಲಿ ನಮ್ಮೊಳಗಿನ ಜಗಳವನ್ನೂ ಮುಚ್ಚಿಡಬಾರದು. ‘ತಮಟೆ ಗುಲಾಮಗಿರಿಯ ಗುರುತು, ಸುಟ್ಟು ಹಾಕಿ, ಓದಿ ಕೆಲಸ ಹಿಡೀರಿ’ ಅನ್ನುವ ಅಣ್ಣಂದಿರು ನಮ್ಮಲ್ಲಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಊರಗೌಡನ ಮನೆಯಲ್ಲಿ ಸಾವಾದರೆ ಕರೆ ಬರುತ್ತಿತ್ತು, ಹೋಗದಿದ್ದರೆ ಬಹಿಷ್ಕಾರ, ಹೋದರೆ ಒಂದು ಹಿಡಿ ಕಾಳು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೀನವೆನಿಸಿದ ಚಾಕರಿಗಳನ್ನು ಬಿಟ್ಟೊಗೆಯಿರಿ ಎಂದು ಕರೆ ಕೊಟ್ಟದ್ದು ಈ ಗುಲಾಮಗಿರಿಯನ್ನು ಕಂಡೇ. ಬಿಟ್ಟಿ ಬಡಿತ ನಿಲ್ಲಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಬಿಟ್ಟಿಯನ್ನು ಬಿಡೋದು ಬೇರೆ, ವಿದ್ಯೆಯನ್ನು ಬಿಡೋದು ಬೇರೆ. ಮಹಾರಾಷ್ಟ್ರದ ಅಣ್ಣಾಭಾವು ಸಾಠೆ ಹಲಗಿ ಬಾರಿಸುವ ಮಾಂಗ ಜಾತಿಯಲ್ಲಿ 1920ರಲ್ಲಿ ಹುಟ್ಟಿದವರು. ಶಾಲೆ ಕಲಿತದ್ದು ಅತಿ ಕಡಿಮೆ. ಮುಂಬಯಿಯ ಕೂಲಿಕಾರರ ನಡುವೆ ಶಾಹಿರನಾಗಿ ಹಾಡಿ, ಕಥೆ ಕಾದಂಬರಿ ಬರೆದು, ರಷ್ಯಾದವರೆಗೂ ಹೋಗಿ ಬಂದರು. ನಮ್ಮ ಭದ್ರಾವತಿಯನ್ನೇ ತಗೊಳ್ಳಿ. 1970ರ ದಶಕದಲ್ಲಿ ಇಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ಸಂಘಟನೆ ರಾಜ್ಯದ ತುಂಬ ಹಬ್ಬಿದ್ದು ಭಾಷಣದಿಂದ ಮಾತ್ರವಾ? ಹಾಡಿನಿಂದಲೂ ಹಬ್ಬಿತು. ಹಾಸ್ಟೆಲಿನಲ್ಲಿ ಬೆಳೆದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅದನ್ನು ಹಾಸ್ಟೆಲಿನ ಹುಡುಗರೇ ತಮಟೆ ಹಿಡಿದು ಹಳ್ಳಿ ಹಳ್ಳಿಗೆ ಹೊತ್ತರು. ಆ ಕಾಲದ ಹೋರಾಟದ ಹಾಡುಗಾರರಲ್ಲಿ ಜನಾರ್ಧನ್ ಜನ್ನಿ ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕರಾದರು, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಇವರಿಗೆ ಸಂಗೀತ ಶಾಲೆ ಆಗಿದ್ದು ಬೀದಿ. ಸಾವಿನ ಮನೆಯ ಮುಂದೆ ತಲೆತಗ್ಗಿಸಿ ನಿಂತಿದ್ದ ಅದೇ ತಮಟೆ, ಡಿ.ಸಿ. ಕಚೇರಿ ಮುಂದೆ ತಲೆ ಎತ್ತಿ ನುಡಿಯಿತು.

ಗೆಳೆಯರೇ, ಹಾಗಾದರೆ ಏನು ಮಾಡೋಣ? ಸಿಟ್ಟು ಮಾಡಿಕೊಂಡು ಕೂತರೆ ಆಗೋದಿಲ್ಲ. ಕೇಳಬೇಕು, ಬರೆದು ಕೇಳಬೇಕು, ಹೆಸರು ಸಹಿ ಹಾಕಿ ಕೇಳಬೇಕು.

ಒಂದು: ಪ್ರತಿ ಸರ್ಕಾರಿ ಹೈಸ್ಕೂಲಿಗೆ ಸಂಗೀತಕ್ಕೋ ನಾಟಕಕ್ಕೋ ಒಬ್ಬ ಮೇಷ್ಟ್ರು ಬೇಕು. ನಾಟಕ ಕಲಿತವರನ್ನು ಸರ್ಕಾರ ಶಿಕ್ಷಕರಾಗಿ ನೇಮಿಸಿದ ಉದಾಹರಣೆ ಇದೆ. ಅದನ್ನು ಎಲ್ಲ ಶಾಲೆಗೂ ಮಾಡಲಿ.

ಎರಡು: ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲಿಗೆ ಒಂದು ಹಾರ್ಮೋನಿಯಂ, ಒಂದು ಡೋಲಕ್, ಎರಡು ತಮಟೆ. ಸಂಜೆ ಒಂದು ಗಂಟೆ ಅಭ್ಯಾಸಕ್ಕೆ. ಹೊರಗೆ ಪಾಠಕ್ಕೆ ಹೋಗುವ ವಿದ್ಯಾರ್ಥಿಗೆ ವಾರ್ಡನ್ ಅನುಮತಿ ಕೊಡಲಿ, ಫೀಸನ್ನು ಇಲಾಖೆ ಕಟ್ಟಲಿ.

ಮೂರು: ತಮಟೆ, ಉರುಮೆಗೂ ಪರೀಕ್ಷೆಯ ಮೆಟ್ಟಿಲು ಬೇಕು. ಪರೀಕ್ಷಕರು ನುಡಿಸಿ ಗೊತ್ತಿರುವ ನಮ್ಮ ಹಿರಿಯರೇ ಆಗಿರಬೇಕು.

ನಾಲ್ಕು: ಶಾಲೆ, ಕಾಲೇಜು, ದಸರಾ ಸಮಿತಿ, ಯಾರೇ ಕರೆದರೂ ತಮಟೆಯವರ ಹೆಸರು ಆಮಂತ್ರಣ ಪತ್ರದಲ್ಲಿ ಅಚ್ಚಾಗಬೇಕು. ಗೇಟಿನವರೆಗೆ ಬಂದವರನ್ನು ವೇದಿಕೆವರೆಗೂ ಕರೆಯಬೇಕು. ಸಂಭಾವನೆಯನ್ನು ಮೊದಲೇ ಮಾತಾಡಬೇಕು.

ಐದನೆಯದು ನಮಗೆ ನಾವೇ ಹಾಕಿಕೊಳ್ಳುವ ಕಟ್ಟಳೆ. ಯಾವ ವಿದ್ಯಾರ್ಥಿಯೂ ಯಾರ ಮನೆ ಬಾಗಿಲಿಗೂ ಬಿಟ್ಟಿ ತಮಟೆ ಹೊರೋದಿಲ್ಲ. ಕಲಿತ ಅಪ್ಪ, ಚಿಕ್ಕಪ್ಪ, ಅಜ್ಜಂದಿರನ್ನು ಭಾನುವಾರ ಹಾಸ್ಟೆಲಿಗೆ ಕರೆದು ಗುರುಗಳು ಅಂತ ಕೂರಿಸಿ ಕಲೀತೀವಿ. ತಂಗಿಯರು ಕಲಿಯೋಕೆ ಬಂದರೆ ನಗೋದಿಲ್ಲ, ಜಾಗ ಬಿಡ್ತೀವಿ.

ಇರೋ ಬಾಗಿಲುಗಳನ್ನೂ ತಟ್ಟಿ. ಭದ್ರಾವತಿ ಆಕಾಶವಾಣಿ ನಮ್ಮ ಊರಲ್ಲೇ ಇದೆ. ಆಕಾಶವಾಣಿಯಲ್ಲಿ ಜಾನಪದ ಗಾಯನಕ್ಕೂ ಧ್ವನಿ ಪರೀಕ್ಷೆ ನಡೆಸ್ತಾರೆ, ಅರ್ಜಿ ಹಾಕಿ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ 1980ರಿಂದ ನಾಟಕ ಕಲಿಸ್ತಾ ಇದೆ. ಶಿವಮೊಗ್ಗದಲ್ಲೇ ರಂಗಾಯಣ ಇದೆ. ‘ಅವು ನಮ್ಮವಲ್ಲ’ ಅಂತ ಹಿಂದೆ ಸರೀಬೇಡಿ. ನಮ್ಮ ಅಪ್ಪ ಅವ್ವಂದಿರ ಬೆವರಿನ ತೆರಿಗೆ ಅಲ್ಲೂ ಇದೆ.

ಮುಂದಿನ ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ಟರು ‘ನಮ್ಮ ಶಾಲೆಯ ಹೆಮ್ಮೆ’ ಅಂದಾಗ ಎದ್ದು ನಿಂತು, ಮರ್ಯಾದೆಯಿಂದ, ಒಂದೇ ಪ್ರಶ್ನೆ ಕೇಳಿ: ಸಾರ್, ಈ ವರ್ಷ ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಸಂಗೀತ ಹೇಳಿಕೊಟ್ಟಿರಿ?

ಉತ್ತರ ಬರೋವರೆಗೂ ಕೂರಬೇಡಿ.

ಜೈ ಭೀಮ್.