ಆಕರಸೂಚಿ ಯಾರಿಗಾಗಿ?

ಸಂಶೋಧನ ಪ್ರಬಂಧದ ಕೊನೆಯಲ್ಲಿ ಬರುವ ಆಕರಸೂಚಿಯನ್ನು ನಮ್ಮಲ್ಲಿ ಹಲವರು ಪರೀಕ್ಷಕರಿಗೆ ಸಲ್ಲಿಸುವ ಕಪ್ಪಕಾಣಿಕೆಯೆಂದೇ ಭಾವಿಸಿದ್ದಾರೆ. ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ, ಇಸವಿ ಮೊದಲೋ ಕೊನೆಯೋ ಎಂಬ ಚರ್ಚೆಯಲ್ಲಿ ಅದರ ಮೂಲ ಉದ್ದೇಶವೇ ಮರೆತುಹೋಗುತ್ತದೆ. ಬರೆದವನು ಕಂಡ ಆಕರವನ್ನು ಓದುವವನೂ ಕಾಣುವಂತಾಗಬೇಕು. ಸೂಚಿಯ ಧರ್ಮ ಇಷ್ಟೇ. ಮೈಸೂರಿನಲ್ಲೋ ಧಾರವಾಡದಲ್ಲೋ ಇರುವವನಿಗೆ ಸೂಚಿ ತಪ್ಪಿದರೂ ಕೇಳಿ ತಿಳಿಯಲು ಬಲ್ಲವರಿದ್ದಾರೆ. ಹೈದರಾಬಾದಿನಲ್ಲೋ ಮುಂಬಯಿಯಲ್ಲೋ ಕುಳಿತು ಕನ್ನಡ ಓದುವವನಿಗೆ ಆ ಒಂದು ಸಾಲೇ ವಿಳಾಸ, ಅದೇ ದಾರಿ.

ಮೊದಲ ತೊಡಕು ಲೇಖಕರ ಹೆಸರಿನದು. ಕೊನೆಯ ಪದವನ್ನು ಮುಂದಕ್ಕೆ ತಂದು, ಅಲ್ಪವಿರಾಮವಿಟ್ಟು, ಉಳಿದುದನ್ನು ಮೊದಲಕ್ಷರಗಳಾಗಿ ಬರೆಯುವ ಪದ್ಧತಿ ಪಾಶ್ಚಾತ್ಯರ ಹೆಸರುಗಳಿಗೆ ಹೊಂದಿಕೊಂಡದ್ದು. ಅಲ್ಲಿ ಅಡ್ಡಹೆಸರು ಕೊನೆಯಲ್ಲಿ ಬರುತ್ತದೆ. ನಮ್ಮ ರೀತಿ ಬೇರೆ. ಬಿ.ಎಂ. ಶ್ರೀಕಂಠಯ್ಯನವರ ‘ಬಿ’ ಬೆಳ್ಳೂರು, ‘ಎಂ’ ತಂದೆ ಮೈಲಾರಯ್ಯ, ಅಡ್ಡಹೆಸರೆಂಬುದೇ ಅಲ್ಲಿಲ್ಲ. ಆಲೂರು ವೆಂಕಟರಾಯರಲ್ಲಿ ಅದು ಮೊದಲೇ ಇದೆ. ಇಂಗ್ಲಿಷ್ ಪಟ್ಟಿಯ ನಿಯಮವನ್ನು ಕುರುಡಾಗಿ ಅನುಸರಿಸಿದರೆ ಕರ್ನಾಟಕದ ಕುಲಪುರೋಹಿತರು ‘ರಾವ್, ಎ.ವಿ.’ ಆಗಿ ಅಸಂಖ್ಯ ರಾಯರ ನಡುವೆ ಕಳೆದುಹೋಗುತ್ತಾರೆ. ಎಂ. ಚಿದಾನಂದಮೂರ್ತಿಯವರು ಕನ್ನಡ ಪಟ್ಟಿಯಲ್ಲಿ ‘ಚ’ಕಾರದಲ್ಲಿಯೂ ಇಂಗ್ಲಿಷ್ ಪಟ್ಟಿಯಲ್ಲಿ ‘ಮೂರ್ತಿ’ಗಳ ಸಾಲಿನಲ್ಲಿಯೂ ಸೇರಿದರೆ ಒಬ್ಬ ವಿದ್ವಾಂಸರು ಇಬ್ಬರಾದಂತೆ. ನಮ್ಮ ನೆರೆಯ ತೆಲುಗರ ಪಾಡೂ ಇದೇ. ಅವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ‘ಗೋಲ್ಕೊಂಡ ಪತ್ರಿಕೆ’ಯ ಸುರವರಂ ಪ್ರತಾಪರೆಡ್ಡಿಯವರನ್ನು ‘ರೆಡ್ಡಿ, ಎಸ್.ಪಿ.’ ಎಂದು ಬರೆದರೆ ಹೈದರಾಬಾದಿನಲ್ಲಿಯೇ ಅವರನ್ನು ಗುರುತಿಸುವವರಿಲ್ಲ.

ಜಗತ್ತಿನ ವಿದ್ವತ್ತು ಹೀಗೆ ಮಾಡೆಂದು ನಮ್ಮನ್ನು ಬಲಾತ್ಕರಿಸಿಲ್ಲ. 1961ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಗ್ರಂಥಾಲಯ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು, ಲೇಖಕನ ಹೆಸರಿನ ಯಾವ ಭಾಗದಲ್ಲಿ ನಮೂದಿಸಬೇಕೆಂಬುದನ್ನು ಆತನ ದೇಶದ ರೂಢಿಯೇ ನಿರ್ಧರಿಸಲೆಂದು ಒಪ್ಪಿತು. ಐಸ್‌ಲ್ಯಾಂಡಿನವರು ಇಂದಿಗೂ ತಮ್ಮವರನ್ನು ಇಟ್ಟ ಹೆಸರಿನಿಂದಲೇ ಅಕಾರಾದಿಯಾಗಿ ಜೋಡಿಸುತ್ತಾರೆ. ಅಷ್ಟು ಚಿಕ್ಕ ನಾಡಿಗೆ ಸಾಧ್ಯವಾದುದು ನಮಗೇಕೆ ಆಗದು? ಬೇಂದ್ರೆ, ಕಲಬುರ್ಗಿ, ದೇಸಾಯಿ ಎಂಬಂಥ ಅಡ್ಡಹೆಸರುಗಳಿರುವಲ್ಲಿ ಅವು ಮೊದಲು ಬರಲಿ. ಇಲ್ಲದಲ್ಲಿ ಹೆಸರು ಇದ್ದಂತೆಯೇ ಇರಲಿ. ಓದುಗರು ಯಾವ ಹೆಸರಿನಿಂದ ಗುರುತಿಸುತ್ತಾರೋ ಅದೇ ನಮೂದಿನ ಹೆಸರಾಗಲಿ.

ಎರಡನೆಯ ತೊಡಕು ಶಾಸನಗಳದು. ಸಂಖ್ಯೆಯೊಂದನ್ನು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ: 1889ರ ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳು, 1923ರ ಆರ್. ನರಸಿಂಹಾಚಾರ್ಯರ ಆವೃತ್ತಿಯಲ್ಲಿ 500, 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಶಾಸನಗಳು ಹೆಚ್ಚಿದಂತೆ ಕ್ರಮಸಂಖ್ಯೆಗಳೂ ಬದಲಾದವು. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನಷ್ಟೇ ಹೇಳಿದವನು ಬೀದಿಯ ಹೆಸರಿಲ್ಲದೆ ಮನೆಯ ಸಂಖ್ಯೆ ಕೊಟ್ಟವನಿಗೆ ಸಮಾನ.

ಈ ಎಚ್ಚರ ಹೈದರಾಬಾದಿನಲ್ಲಿ ನೆಲೆಸಿದ ನಮಗೆ ಇನ್ನಷ್ಟು ಹತ್ತಿರದ್ದು. ನಿಜಾಮ್ ಸರ್ಕಾರದ ಪುರಾತತ್ತ್ವ ಇಲಾಖೆ ಆರಂಭಿಸಿದ ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನ ಮೊದಲ ಪುಸ್ತಕವೇ ಮಸ್ಕಿಯ ಅಶೋಕ ಶಾಸನವನ್ನು ಕುರಿತದ್ದು; ಅದು ಬಂದದ್ದು 1915ರಲ್ಲಿ. ನಾಗಾವಿಯ ಶಾಸನಗಳು 1928ರಲ್ಲಿ 8ನೆಯದಾಗಿ, ಕೊಪ್ಪಳದ ಕನ್ನಡ ಶಾಸನಗಳು 1935ರಲ್ಲಿ 12ನೆಯದಾಗಿ ಪ್ರಕಟವಾದವು. ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿದ ಪುಸ್ತಕ 18ನೆಯದಾಗಿ 1958ರಲ್ಲಿ ಹೊರಬಂತು. ಅಷ್ಟರಲ್ಲಿ ಆ ರಾಜ್ಯವೇ ಉಳಿದಿರಲಿಲ್ಲ. 1956ರಲ್ಲಿ ಅದು ಮೂರು ಪಾಲಾಗಿತ್ತು. ಮುಂದೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು, 2014ರಲ್ಲಿ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಮಾಲೆಯ ಹೆಸರು, ಸಂಖ್ಯೆ, ಇಸವಿ, ಊರು, ಪುಸ್ತಕದಲ್ಲಿರುವ ಜಿಲ್ಲೆ, ಇಂದಿನ ಜಿಲ್ಲೆ ಇವಿಷ್ಟನ್ನೂ ಕೊಟ್ಟಾಗ ಮಾತ್ರ ಇಲ್ಲಿ ಅಚ್ಚಾದ ಪುಸ್ತಕವೂ ಅಲ್ಲಿ ನಿಂತ ಕಲ್ಲೂ ಪರಸ್ಪರ ಕೂಡುತ್ತವೆ. ಇಲ್ಲವಾದರೆ ರಾಜ್ಯಗಳ ಗಡಿ ವಿದ್ಯೆಯ ಗಡಿಯೂ ಆಗುತ್ತದೆ.

ಈಗ ಇದನ್ನೆಲ್ಲ ಗಣಕಯಂತ್ರವೇ ಮಾಡುತ್ತದಲ್ಲ ಎನ್ನುವವರುಂಟು. ಯಂತ್ರ ಅಲ್ಪವಿರಾಮಗಳನ್ನು ಸರಿಯಾಗಿ ಇಡುತ್ತದೆ, ನಿಜ. ಆದರೆ ಹೆಸರಿಗೆಂದು ಅದು ಒಡ್ಡುವ ಎರಡು ಚೌಕಗಳಲ್ಲಿ ಯಾವುದರಲ್ಲಿ ಏನನ್ನು ತುಂಬಬೇಕೆಂಬ ವಿವೇಕ ನಮ್ಮದೇ. ಕರ್ನಾಟಕದ ಮತ್ತು ಹೊರನಾಡಿನ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಒಟ್ಟಾಗಿ ಕುಳಿತು ಕನ್ನಡ ಹೆಸರು ಮತ್ತು ಶಾಸನಗಳ ನಮೂದಿಗೆ ಎರಡು ಪುಟಗಳ ಒಂದು ನಿಯಮಾವಳಿಯನ್ನು ಒಪ್ಪಿಕೊಂಡರೆ ಸಾಕು. ಹೊರನಾಡ ಸಂಘಗಳು ತಮ್ಮ ಪತ್ರಿಕೆಗಳಲ್ಲಿ ಅದನ್ನು ಮೊದಲು ಪಾಲಿಸಬಹುದು. ನಮ್ಮ ಹಿರಿಯರು ಈ ಪಟ್ಟಿಗೆ ‘ಗ್ರಂಥಋಣ’ವೆಂದು ಹೆಸರಿಟ್ಟರು. ಸಾಲ ಕೊಟ್ಟವರ ಹೆಸರನ್ನು ಗುರುತು ಸಿಗದಂತೆ ಬರೆದು ಆ ಋಣ ತೀರಿತೆನ್ನುವುದು ನ್ಯಾಯವಲ್ಲ.