ಖಾಲಿ ಕಾಗದದ ಮೇಲೊಂದು ಸಹಿ

ಸಹೋದರಿಯರೇ, ನಿಮ್ಮ ಫ್ಲ್ಯಾಟಿನ ಬಾಗಿಲಿಗೆ ವಾಚ್‌ಮನ್ ಬಂದು, "ಅಕ್ಕಾ, ಬರುವ ಭಾನುವಾರ ಅಸೋಸಿಯೇಶನ್ನಿನ ಮಹಾಸಭೆ ಇದೆ. ಬರಲಾಗದಿದ್ದರೆ ಈ ಕಾಗದಕ್ಕೆ ಸಾಹೇಬರ ಸಹಿ ಮಾಡಿಸಿ ಕೊಡಬೇಕಂತೆ" ಎಂದರೆ ನೀವೇನು ಮಾಡುತ್ತೀರಿ? ಸಾಹೇಬರು ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದಾರೆ. ನೀವು ಕಾಗದದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೀರಿ. ಅವರು ಕೆಲಸದ ಗಡಿಬಿಡಿಯಲ್ಲಿ ಅದನ್ನು ಪೂರ್ತಿ ಓದದೆಯೇ ಸಹಿ ಹಾಕಿ ಹಿಂದಕ್ಕೆ ಕಳಿಸುತ್ತಾರೆ. ಅದು ಕಾರ್ಯದರ್ಶಿಯ ಕೈ ಸೇರುತ್ತದೆ. ಒಂದು ಕೆಲಸ ಮುಗಿಯಿತು ಎಂದು ನೀವು ಅಡುಗೆಮನೆಗೆ ಮರಳುತ್ತೀರಿ.

ಮೂರು ತಿಂಗಳ ಬಳಿಕ ಮೇಂಟೆನೆನ್ಸ್ ಮೊತ್ತ ಏರುತ್ತದೆ. ಬೋರ್‌ವೆಲ್ ಸರಿಪಡಿಸುವ ಬದಲು ಕಟ್ಟಡಕ್ಕೆ ಬಣ್ಣ ಬಳಿಯಲಾಗುತ್ತದೆ. ಕೇಳಲು ಹೋದರೆ, "ಮಹಾಸಭೆಯಲ್ಲೇ ತೀರ್ಮಾನವಾಗಿದೆ. ನಿಮ್ಮ ಮನೆಯ ಮತವೂ ಇದರ ಪರವಾಗಿಯೇ ಬಿದ್ದಿದೆ" ಎಂಬ ಉತ್ತರ ಸಿಗುತ್ತದೆ. ಅದು ಸುಳ್ಳಲ್ಲ. ನಿಮ್ಮ ಮತ ಬಿದ್ದಿದೆ, ನಿಮಗೆ ಗೊತ್ತಾಗಲಿಲ್ಲ ಅಷ್ಟೆ.

ಆ ಕಾಗದದ ಹೆಸರು ಪ್ರಾಕ್ಸಿ ಪತ್ರ. ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಿ ಈ ಪದ ಹೊಸದೇನಲ್ಲ. ತರಗತಿಗೆ ಬಾರದ ಗೆಳೆಯನ ಹೆಸರು ಕರೆದಾಗ ಹಿಂದಿನ ಬೆಂಚಿನಿಂದ ಇನ್ನೊಬ್ಬ ಹಾಜರಿ ಹೇಳುವುದನ್ನು ಅವರು 'ಪ್ರಾಕ್ಸಿ ಹೊಡೆಯುವುದು' ಎನ್ನುತ್ತಾರೆ. ಅದು ಮೋಸ. ಆದರೆ ಸಭೆಯ ಪ್ರಾಕ್ಸಿ ಮೋಸವಲ್ಲ. ಬರಲಾಗದ ಮಾಲೀಕರು ತಮ್ಮ ಪರವಾಗಿ ಮತ ಚಲಾಯಿಸಲು ಇನ್ನೊಬ್ಬರಿಗೆ ಲಿಖಿತವಾಗಿ ಕೊಡುವ ಅಧಿಕಾರ ಅದು. ಹಾಗೆ ಒಬ್ಬರನ್ನು ವಕೀಲರನ್ನಾಗಿ ನೇಮಿಸುವುದು ನಮಗೆ ಚಿರಪರಿಚಿತ. ನಮ್ಮ ಅನೇಕ ಮನೆಗಳಲ್ಲಿ ನಿಕಾಹ್‌ನ ವೇಳೆ ವಕೀಲರಾದವರು ಸಾಕ್ಷಿಗಳೊಂದಿಗೆ ವಧುವಿನ ಬಳಿಗೆ ಬಂದು, ವರನ ಹೆಸರು ಹೇಳಿ, ಮಹರ್‌ನ ಮೊತ್ತ ಹೇಳಿ, ಒಪ್ಪಿಗೆ ಕೇಳುತ್ತಾರೆ. ಹೆಸರನ್ನೂ ಮೊತ್ತವನ್ನೂ ಹೇಳದೆ "ಸುಮ್ಮನೆ ಹೂಂ ಅನ್ನು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎಂದರೆ ಯಾವ ಮನೆಯವರು ಒಪ್ಪಿಯಾರು? ಆದರೆ ಪ್ರಾಕ್ಸಿ ಪತ್ರದ ವಿಷಯದಲ್ಲಿ ನಾವು ಒಪ್ಪಿಬಿಡುತ್ತೇವೆ. ಯಾರು ಮತ ಹಾಕುವರು, ಯಾವ ವಿಷಯಕ್ಕೆ, ಪರವೋ ವಿರೋಧವೋ, ಎಲ್ಲ ಜಾಗಗಳೂ ಖಾಲಿ. ಕೆಳಗೆ ಸಹಿ ಮಾತ್ರ ಇರುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. 40 ಮನೆಗಳ ಕಟ್ಟಡ ಎಂದುಕೊಳ್ಳಿ. ಸಭೆಗೆ ಬಂದವರು 12 ಮಂದಿ. ಕಾರ್ಯದರ್ಶಿಯ ಫೈಲಿನಲ್ಲಿ 14 ಖಾಲಿ ಪ್ರಾಕ್ಸಿಗಳಿವೆ. ಕೂತು ಚರ್ಚಿಸಿದ ಹನ್ನೆರಡೂ ಮಂದಿ ಒಂದೇ ಮಾತು ಹೇಳಿದರೂ ಗೆಲ್ಲುವುದು ಆ ಫೈಲು. ಕಾರ್ಯದರ್ಶಿ ಕೆಟ್ಟವರಾಗಿರಬೇಕಿಲ್ಲ. ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು, ಕೋರಂ ಆಗದೆ ಸಭೆ ಮುಂದೂಡಿ ಬೇಸತ್ತವರು. ಆದರೆ ತಮ್ಮದೇ ಲೆಕ್ಕಪತ್ರಕ್ಕೆ ತಮ್ಮ ಕೈಯಲ್ಲಿರುವ ಮತಗಳಿಂದಲೇ ಮಂಜೂರಾತಿ ಪಡೆಯುವ ಸ್ಥಿತಿ ಒಳ್ಳೆಯವರಿಗೂ ಒಳ್ಳೆಯದಲ್ಲ.

ಈಗ ಇನ್ನೂ ಮುಖ್ಯವಾದ ಮಾತಿಗೆ ಬರುತ್ತೇನೆ. ಮನೆ ಯಜಮಾನರ ಹೆಸರಿನಲ್ಲಿದೆ. ಅವರು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ನೀರು ಎಷ್ಟು ಗಂಟೆಗೆ ನಿಲ್ಲುತ್ತದೆ, ಲಿಫ್ಟ್ ಯಾವ ಮಹಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ಯಾವ ಗೋಡೆ ಒಸರುತ್ತದೆ, ಮಕ್ಕಳು ಆಡುವ ಜಾಗದಲ್ಲಿ ಯಾರ ಕಾರು ನಿಲ್ಲುತ್ತದೆ, ಇದೆಲ್ಲ ಬಲ್ಲವರು ನೀವು. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಿ ರಸೀದಿ ಎತ್ತಿಡುವವರೂ ನೀವೇ. ಆದರೆ ಸಭೆಗೆ ಹೋದರೆ "ಮಾಲೀಕರಿಗೆ ಮಾತ್ರ ಮತ" ಎನ್ನುತ್ತಾರೆ. ಹೆಸರು ಇಬ್ಬರದ್ದಾಗಿದ್ದರೂ ಹಲವು ಸಂಘಗಳಲ್ಲಿ ಮೊದಲ ಹೆಸರಿನವರಿಗಷ್ಟೇ ಮತ. ಆ ಕಟ್ಟಡದಲ್ಲಿ ಹಗಲು ರಾತ್ರಿ ಬದುಕುವವಳಿಗೆ ಮಾತಿಲ್ಲ, ಆಕೆಯ ಮನೆಯ ಮತ ಮಾತ್ರ ಬೇರೆಯವರ ಜೇಬಿನಲ್ಲಿದೆ! ಇದನ್ನು ಸರಿಪಡಿಸುವುದೂ ಅದೇ ಪ್ರಾಕ್ಸಿ ಪತ್ರದಿಂದ ಸಾಧ್ಯ. ಅದರಲ್ಲಿ ಕಾರ್ಯದರ್ಶಿಯ ಹೆಸರಿನ ಬದಲು ನಿಮ್ಮ ಹೆಸರು ಇರಬೇಕು.

ಹಾಗೆ ಮಾಡಲು ಕಾನೂನು ಬಿಡುತ್ತದೆಯೇ? ಅದು ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದನ್ನು ಅವಲಂಬಿಸಿದೆ. ಕರ್ನಾಟಕದಲ್ಲಿ ಕೆಲವು ಸಂಘಗಳು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಇನ್ನು ಕೆಲವು 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿವೆ. ಸಹಕಾರ ಸಂಘವಾಗಿದ್ದರೆ ಸದಸ್ಯರು ಖುದ್ದಾಗಿ ಬಂದೇ ಮತ ಹಾಕಬೇಕು, ಪ್ರಾಕ್ಸಿ ನಡೆಯದು ಎಂದು ಕಾಯ್ದೆಯೇ ಹೇಳುತ್ತದೆ. ಅಂಥಲ್ಲಿ ಯಾರಾದರೂ ಪ್ರಾಕ್ಸಿ ಸಂಗ್ರಹಿಸಿದರೆ ನೀವು ಧಾರಾಳವಾಗಿ ಪ್ರಶ್ನಿಸಬಹುದು. ಉಳಿದ ಸಂಘಗಳಲ್ಲಿ ಬೈಲಾ ಏನು ಹೇಳುತ್ತದೆ ಎಂಬುದೇ ಮುಖ್ಯ. ಆದ್ದರಿಂದ ಮೊದಲ ಕೆಲಸ ಬೈಲಾದ ಪ್ರತಿಯನ್ನು ಕೇಳಿ ಪಡೆಯುವುದು. ಮತದಾನ ಮತ್ತು ಕೋರಂ ಕುರಿತ ಭಾಗವನ್ನು ಓದಿ. ಇಂಗ್ಲಿಷಿನಲ್ಲಿದ್ದರೆ ಮಗಳನ್ನು ಕೂರಿಸಿಕೊಂಡು ಓದಿಸಿ. ಅವಳಿಗೂ ಅದೊಂದು ಪಾಠ.

ಪ್ರಾಕ್ಸಿಗೆ ಅವಕಾಶವಿದ್ದರೆ ಪತ್ರ ಹೀಗಿರಲಿ:

1. ಮಾಲೀಕರ ಹೆಸರು, ಫ್ಲ್ಯಾಟ್ ಸಂಖ್ಯೆ, ಸಭೆಯ ದಿನಾಂಕ, ಪತ್ರ ಬರೆದ ದಿನಾಂಕ ಸ್ಪಷ್ಟವಾಗಿರಲಿ.

2. ಮತ ಹಾಕುವವರ ಹೆಸರು ತುಂಬಿರಲಿ. ಆ ಜಾಗ ಖಾಲಿಯಿದ್ದರೆ ಸಹಿ ಬೇಡ.

3. ನೋಟೀಸಿನ ಕಾರ್ಯಸೂಚಿ ನೋಡಿ, ಪ್ರತಿ ವಿಷಯದ ಎದುರು 'ಪರ' ಅಥವಾ 'ವಿರೋಧ' ಎಂದು ಬರೆಯಿರಿ. ಕಾರ್ಯಸೂಚಿ ಇಲ್ಲದ ನೋಟೀಸಿಗೆ ಪ್ರಾಕ್ಸಿ ಕೊಡಬೇಡಿ.

4. "ಈ ಸಭೆಗೆ ಮಾತ್ರ ಅನ್ವಯ" ಎಂಬ ಸಾಲು ಇರಲಿ. ಇಲ್ಲವಾದರೆ ಒಂದೇ ಪತ್ರ ಮುಂದಿನ ಸಭೆಯಲ್ಲೂ ತಲೆ ಎತ್ತೀತು.

5. ಬೈಲಾ ಹೇಳಿದ ಸಮಯದೊಳಗೆ ಕೊಟ್ಟು, ಸ್ವೀಕರಿಸಿದ ಸಹಿ ಪಡೆದು, ಒಂದು ಪ್ರತಿ ಇಟ್ಟುಕೊಳ್ಳಿ. ಮನಸ್ಸು ಬದಲಾದರೆ ಸಭೆಗೆ ಮುನ್ನವೇ ಲಿಖಿತವಾಗಿ ಹಿಂಪಡೆಯಿರಿ.

ಸಭೆಯಲ್ಲಿಯೂ ಎರಡು ಬೇಡಿಕೆ ಇಡಬಹುದು. ಆರಂಭದಲ್ಲೇ ಯಾರ ಕೈಯಲ್ಲಿ ಎಷ್ಟು ಪ್ರಾಕ್ಸಿಗಳಿವೆ ಎಂದು ಎಲ್ಲರೆದುರು ಓದಿ ನಡಾವಳಿಯಲ್ಲಿ ಬರೆಯಲಿ. ಒಬ್ಬರ ಕೈಯಲ್ಲಿ ಒಂದೋ ಎರಡೋ ಪ್ರಾಕ್ಸಿ ಮಾತ್ರ ಇರಬೇಕು, ಪದಾಧಿಕಾರಿಗಳು ಪ್ರಾಕ್ಸಿ ಹಿಡಿಯಬಾರದು ಎಂದು ಬೈಲಾಕ್ಕೆ ತಿದ್ದುಪಡಿಯಾಗಲಿ. ಇದು ಅತಿಯಾದ ಬೇಡಿಕೆಯಲ್ಲ. ಸಾವಿರಾರು ಷೇರುದಾರರಿರುವ ಕಂಪೆನಿಗಳಿಗೂ ಇಂಥ ಮಿತಿಯಿದೆ. 2013ರ ಕಂಪೆನಿ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಒಬ್ಬರು 50ಕ್ಕಿಂತ ಹೆಚ್ಚು ಸದಸ್ಯರಿಗೆ ಪ್ರಾಕ್ಸಿಯಾಗುವಂತಿಲ್ಲ.

ದೇಶದ ಚುನಾವಣೆಯಲ್ಲೂ ಈ ಪ್ರಶ್ನೆ ಬಂದಿತ್ತು. ಸೇನೆಯಲ್ಲಿರುವವರಿಗೆ 2003ರಿಂದ ಪ್ರಾಕ್ಸಿ ಮತದ ಅವಕಾಶವಿದೆ. ಅನಿವಾಸಿಗಳಿಗೂ ಅದನ್ನು ಕೊಡುವ ಮಸೂದೆಯನ್ನು ಲೋಕಸಭೆ 2018ರಲ್ಲಿ ಅಂಗೀಕರಿಸಿತು. 2019ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ನೇಮಿಸಲ್ಪಟ್ಟವರು ಹೇಳಿದಂತೆಯೇ ಮತ ಹಾಕುತ್ತಾರೆ ಎಂಬುದಕ್ಕೆ ಖಾತರಿ ಏನು ಎಂಬ ಪ್ರಶ್ನೆ ಆಗ ಎದ್ದಿತ್ತು. ಅಪಾರ್ಟ್‌ಮೆಂಟಿನ ಸಭೆಗೂ ಅದೇ ಪ್ರಶ್ನೆ. ಆ ಖಾತರಿ ಅತಿ ಹೆಚ್ಚು ಇರುವುದು, ಮತದ ಫಲವನ್ನು ತಾನೇ ಉಣ್ಣಬೇಕಾದವರ ಕೈಯಲ್ಲಿ ಪತ್ರವಿದ್ದಾಗ.

"ಗಂಡಸರೇ ತುಂಬಿರುವ ಸಭೆಯಲ್ಲಿ ಒಬ್ಬಳೇ ಹೇಗೆ ಕೂರಲಿ?" ಎಂದು ನೀವು ಕೇಳಬಹುದು. ಒಬ್ಬರೇ ಯಾಕೆ? ಮೇಲಿನ ಮಹಡಿಯ ಜಾನಕಿ ಅಕ್ಕನ ಮನೆಗೂ ನಲ್ಲಿಯಲ್ಲಿ ನೀರಿಲ್ಲ, ಎದುರು ಮನೆಯ ಫಿಲೋಮಿನಾ ಬಾಯಿಯವರೂ ಲಿಫ್ಟಿಗೆ ಕಾದು ಕಾದು ಮೆಟ್ಟಿಲು ಹತ್ತುವವರೇ. ಮೂವರೂ ಪತ್ರ ಹಿಡಿದು ಒಟ್ಟಿಗೆ ಹೋಗಿ, ಒಟ್ಟಿಗೆ ಕುಳಿತುಕೊಳ್ಳಿ. ಪ್ರಾಕ್ಸಿಗೆ ಅವಕಾಶವೇ ಇಲ್ಲದಿದ್ದರೆ ಯಜಮಾನರಿಂದ ಅಭಿಪ್ರಾಯವನ್ನು ಲಿಖಿತವಾಗಿ ಕಳಿಸಿ, ಸಭೆಯಲ್ಲಿ ಓದಿಸುವಂತೆ ಕೇಳಿ.

ಯಜಮಾನರೊಂದಿಗೆ ಈ ವಾರ ಫೋನಿನಲ್ಲಿ ಮಾತನಾಡುವಾಗ, ಮಕ್ಕಳ ಮಾರ್ಕು, ಅತ್ತೆಯ ಮದ್ದು ಎಲ್ಲ ಹೇಳಿದ ಮೇಲೆ ಇದನ್ನೂ ಹೇಳಿ: "ಮುಂದಿನ ಸಲ ಸಭೆಯ ಕಾಗದ ಬಂದರೆ ನನ್ನ ಹೆಸರು ಬರೆಯಿರಿ. ಏನು ಹೇಳಬೇಕೆಂದು ಇಬ್ಬರೂ ಮೊದಲೇ ಮಾತನಾಡಿಕೊಳ್ಳೋಣ." ಆ ಮಾತು ನೀವು ತೆಗೆಯದ ಹೊರತು ಅವರಿಗೆ ಹೊಳೆಯಲಾರದು. ಬೆವರು ಸುರಿಸಿ ಅವರು ಕಟ್ಟಿಸಿದ ಮನೆಯನ್ನು ನೀವು ಗುಡಿಸಿ, ಒರೆಸಿ, ಕಾಯುತ್ತಿದ್ದೀರಿ. ಅದರ ಮತವನ್ನೂ ನೀವೇ ಕಾಯಿರಿ.