ಬಾಣ ಕೊಳ್ಳುವ ಮುನ್ನ

ಬೇಟೆ ಅಂದ ಕೂಡಲೇ ಮುಖ ಸಿಂಡರಿಸುವವರು ನಮ್ಮಲ್ಲಿ ಬಹಳ ಜನ. ಕೆಲವು ವರ್ಷಗಳ ಹಿಂದೆ ನಾನೂ ಅದೇ ಗುಂಪಿನವನು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಕಂಬಳಿ ಹೊದ್ದು ಓದುವುದು ಬೇರೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಳಿಯಲ್ಲಿ ಮರ ಹತ್ತಿ ಕೂರುವುದು ಬೇರೆ. ಊರಿನಲ್ಲಿದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬಿಡುವುದೂ ಇಲ್ಲ. ಆದರೆ ನಾನು ಕೆಲಸಕ್ಕೆಂದು ಬಂದು ಬಿದ್ದಿರುವುದು ವಿಸ್ಕಾನ್ಸಿನ್‌ನಲ್ಲಿ. ಅಮೆರಿಕದಲ್ಲಿ ಬಿಲ್ಲುಬಾಣಕ್ಕೆಂದೇ ಪ್ರತ್ಯೇಕವಾಗಿ ಜಿಂಕೆ ಬೇಟೆಯ ಕಾಲ ಗೊತ್ತುಮಾಡಿದ ಮೊದಲ ರಾಜ್ಯ ಇದು, 1934ರಲ್ಲಿ. ಇಲ್ಲಿ ಸೆಪ್ಟೆಂಬರ್ ಬಂತೆಂದರೆ ಆಫೀಸಿನ ಕಾಫಿ ಮಷೀನಿನ ಹತ್ತಿರ ಬರೀ ಜಿಂಕೆಯದೇ ಮಾತು.

ಬೇಟೆ ಸರಿಯೋ ತಪ್ಪೋ ಅನ್ನುವ ಜಗಳ ಇನ್ನೊಂದು ದಿನಕ್ಕಿರಲಿ. ಇವತ್ತು ಹೇಳಬೇಕಿರುವುದು ಒಂದೇ ವಿಷಯ. ಕೊಲ್ಲುವುದು ಅಂತ ತೀರ್ಮಾನಿಸಿದ ಮೇಲೆ ಪ್ರಾಣಿಯನ್ನು ನರಳಿಸದೆ ಕೊಲ್ಲುವ ಹೊಣೆ ನಮ್ಮದು. ಆ ಹೊಣೆಯ ದೊಡ್ಡ ಪಾಲು ಇರುವುದು ಸಾವಿರಾರು ಡಾಲರ್‌ನ ಬಿಲ್ಲಿನಲ್ಲಲ್ಲ, ನಾವು ಅಗ್ಗಕ್ಕೆ ಸಿಕ್ಕಿತೆಂದು ಬುಟ್ಟಿಗೆ ಹಾಕಿಕೊಳ್ಳುವ ಕಾರ್ಬನ್ ಕೋಲಿನಲ್ಲಿ, ಅಂದರೆ ಶಾಫ್ಟ್‌ನಲ್ಲಿ. ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ.

ಬಿಲ್ವಿದ್ಯೆ ಶುರುಮಾಡಿದಾಗ ನನ್ನ ಕಾಂಪೌಂಡ್ ಬಿಲ್ಲನ್ನು 45 ಪೌಂಡ್ ಎಳೆತಕ್ಕೆ ಇಟ್ಟಿದ್ದೆ. ಗುರಿ ಹಲಗೆಗೆ ಹೊಡೆಯಲು 500 ಸ್ಪೈನಿನ ಒಂದು ಡಜನ್ ಬಾಣ ಕೊಂಡೆ. ಎಲ್ಲ ಚೆನ್ನಾಗಿತ್ತು. ಎರಡನೇ ವರ್ಷ ಬೇಟೆಯ ಹುಚ್ಚು ಹತ್ತಿ ಬಿಲ್ಲನ್ನು 60 ಪೌಂಡಿಗೆ ಏರಿಸಿದೆ. ಬಾಣ ಮಾತ್ರ ಹಳೆಯದೇ! ಪ್ರೊಸೆಸರ್ ಬದಲಿಸಿ ಹಳೇ ಡ್ರೈವರನ್ನೇ ಓಡಿಸಿದ ಹಾಗೆ :-) ಹಲಗೆಯ ಮೇಲೆ ಗುಂಡಿಗಳು ಹತ್ತಿರ ಹತ್ತಿರ ಬೀಳುತ್ತಿದ್ದವು, ವೇಗವೂ ಭರ್ಜರಿ, ಸೆಕೆಂಡಿಗೆ 275 ಅಡಿ. ನಾನು ಖುಷಿಯಾಗಿದ್ದೆ.

ಅಕ್ಟೋಬರ್ ಕೊನೆಯ ಒಂದು ಸಂಜೆ 22 ಗಜದಲ್ಲಿ ಒಂದು ಬಿಳಿಬಾಲದ ಜಿಂಕೆ ನಿಂತಿತು. ಬಾಣ ಬಿಟ್ಟೆ. ನಾನು ಗುರಿಯಿಟ್ಟದ್ದು ಶ್ವಾಸಕೋಶಕ್ಕೆ, ಬಿದ್ದದ್ದು ನಾಲ್ಕು ಬೆರಳು ಮುಂದೆ, ಹೆಗಲ ಮೂಳೆಗೆ. ಟಪ್ ಅಂತ ಒಂದು ಸದ್ದು. ಅರ್ಧಕ್ಕೂ ಹೆಚ್ಚು ಬಾಣ ಹೊರಗೇ ಅಲ್ಲಾಡುತ್ತಿರುವಾಗ ಜಿಂಕೆ ಓಡಿತು. ನನಗೆ ಇದನ್ನೆಲ್ಲ ಕಲಿಸಿದ ಸಹೋದ್ಯೋಗಿಗೆ ಫೋನ್ ಮಾಡಿದೆ. ಇಬ್ಬರೂ ಟಾರ್ಚ್ ಹಿಡಿದು ರಾತ್ರಿ ಒಂದರವರೆಗೆ ರಕ್ತದ ಜಾಡು ಹಿಡಿದು ಹುಡುಕಿದೆವು. ಮೊದಲು ಎಲೆಗೊಂದು ಹನಿ, ಆಮೇಲೆ ಹತ್ತು ಹೆಜ್ಜೆಗೊಂದು, ಆಮೇಲೆ ಏನೂ ಇಲ್ಲ. ಬೆಳಿಗ್ಗೆ ಮತ್ತೆ ಹೋದೆವು. ಮುರಿದ ಕೋಲಿನ ಹಿಂದಿನ ತುಂಡೊಂದು ಸಿಕ್ಕಿತು, ಜಿಂಕೆ ಸಿಗಲಿಲ್ಲ. ಅದು ಸತ್ತಿತೋ, ಎಷ್ಟು ದಿನಕ್ಕೆ ಸತ್ತಿತೋ ನನಗೆ ಗೊತ್ತಾಗುವುದೇ ಇಲ್ಲ.

ಆ ಚಳಿಗಾಲ ಪೂರ್ತಿ ನಾನು ಮಾಡಿದ್ದು ಒಂದೇ ಕೆಲಸ, ಬಾಣದ ಲೆಕ್ಕ.

ಮೊದಲನೆಯದು ಸ್ಪೈನ್. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಕೋಲನ್ನಿಟ್ಟು ನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಕ ತೂಗುಬಿಡುತ್ತಾರೆ. ಕೋಲು 0.500 ಇಂಚು ಬಾಗಿದರೆ ಅದು 500, 0.340 ಇಂಚು ಬಾಗಿದರೆ 340. ಅಂಕಿ ಕಡಿಮೆಯಾದಷ್ಟೂ ಕೋಲು ಗಟ್ಟಿ. ಹೆದೆ ಬಿಟ್ಟ ಕ್ಷಣ ಪ್ರತಿ ಬಾಣವೂ ಮೀನಿನ ಹಾಗೆ ಬಳುಕುತ್ತದೆ. ಎಳೆತ ಹೆಚ್ಚಾದರೆ, ಕೋಲು ಉದ್ದವಾದರೆ, ಮೊನೆ ಭಾರವಾದರೆ ಬಳುಕು ಹೆಚ್ಚು. ನನ್ನ ಮೆತ್ತನೆ ಬಾಣದ ಅತಿ ಬಳುಕನ್ನು ಅಭ್ಯಾಸದ ಮೊನೆ ಹಾಕಿದಾಗ ಹಿಂದಿನ ಗರಿಗಳು ಹೇಗೋ ತಿದ್ದುತ್ತಿದ್ದವು. ಬೇಟೆಯ ಅಗಲ ಅಲಗಿನ ಬ್ರಾಡ್‌ಹೆಡ್ ಹಾಕಿದ ಕೂಡಲೇ ಆ ಅಲಗೇ ಮುಂದಿನ ರೆಕ್ಕೆಯಾಗಿ ಬಾಣವನ್ನು ಪಕ್ಕಕ್ಕೆ ಎಳೆಯಿತು. ಬ್ರಾಡ್‌ಹೆಡ್ ಹಾಕಿ ಒಂದು ಸಲವೂ ಅಭ್ಯಾಸ ಮಾಡದೆ ಮರ ಹತ್ತಿದ್ದು ನನ್ನದೇ ತಪ್ಪು. ಸಾಲದ್ದಕ್ಕೆ ಬಳುಕುತ್ತಲೇ ಬಡಿದ ಬಾಣದ ಶಕ್ತಿ ಒಳಗೆ ನುಗ್ಗುವ ಬದಲು ಅಡ್ಡಕ್ಕೆ ಬಾಗುವುದರಲ್ಲೇ ಖರ್ಚಾಗುತ್ತದೆ.

ಹಾಗಾಗಿ ಬಣ್ಣ, ಬ್ರ್ಯಾಂಡು ನೋಡುವ ಮೊದಲು ಕಂಪನಿಯವರ ಸ್ಪೈನ್ ಪಟ್ಟಿ ನೋಡಿ. ಎಳೆತ, ಕೋಲಿನ ಉದ್ದ, ಮೊನೆಯ ತೂಕ ಮೂರನ್ನೂ ಹೊಂದಿಸಿ. ಎರಡು ಅಂಕಿಗಳ ನಡುವೆ ಸಿಕ್ಕಿಬಿದ್ದರೆ ಕಾಂಪೌಂಡ್ ಬಿಲ್ಲಿಗೆ ಗಟ್ಟಿಯದನ್ನೇ ಆರಿಸಿ ಅನ್ನುವುದು ನನ್ನ ಸಲಹೆ.

ಎರಡನೆಯದು ತೂಕ. ಇಲ್ಲಿ ಬಾಣ ತೂಗುವುದು ಗ್ರೇನ್ ಲೆಕ್ಕದಲ್ಲಿ, ಪೌಂಡಿಗೆ 7000. ನಮ್ಮ ಗುಲಗಂಜಿಯ ಸುಮಾರು ಅರ್ಧ ಅಂದುಕೊಳ್ಳಿ. ಜಾಹೀರಾತುಗಳಲ್ಲಿ ಮೆರೆಯುವ ಬಿಲ್ಲಿನ ವೇಗವನ್ನು ಅಳೆಯುವುದು 70 ಪೌಂಡ್ ಎಳೆತ, 30 ಇಂಚು ಎಳೆಯುದ್ದ, 350 ಗ್ರೇನ್ ಬಾಣ ಇಟ್ಟುಕೊಂಡು. ಅದು ಬೆಂಚ್‌ಮಾರ್ಕ್ ಅಷ್ಟೇ. ಬೆಂಚ್‌ಮಾರ್ಕ್ ನೋಡಿ ಸರ್ವರ್ ಕೊಂಡು ಆಮೇಲೆ ಅತ್ತವರು ನಮ್ಮಲ್ಲಿ ಕಡಿಮೆಯೇ?

ನನ್ನದೇ ಲೆಕ್ಕ ನೋಡಿ. ಹಳೇ ಬಾಣ 350 ಗ್ರೇನ್, ವೇಗ 275 ಅಡಿ. ಹೊಸದು 470 ಗ್ರೇನ್, ವೇಗ 240 ಅಡಿ. ಚಲನಶಕ್ತಿ ಹೆಚ್ಚುಕಮ್ಮಿ ಒಂದೇ, 59 ಮತ್ತು 60 ಅಡಿ-ಪೌಂಡ್. ಆದರೆ ಸಂವೇಗ, ಪಿಯುಸಿಯಲ್ಲಿ ಓದಿದ ಅದೇ ಎಂ ಇಂಟು ವಿ, ಆರನೇ ಒಂದು ಪಾಲು ಹೆಚ್ಚು. ಮೂಳೆ ಮಾಂಸದ ತಡೆಯನ್ನು ಮೀರಿ ಮುಂದೆ ಹೋಗುತ್ತಲೇ ಇರಲು ಬೇಕಾದದ್ದು ಅದು.

"ನಿಧಾನವಾದರೆ ಜಿಂಕೆ ಸದ್ದು ಕೇಳಿ ತಪ್ಪಿಸಿಕೊಳ್ಳುತ್ತದಲ್ಲ" ಅಂತ ಕೇಳುತ್ತಾರೆ. ಒಳ್ಳೇ ಪ್ರಶ್ನೆಯೇ. 20 ಗಜ ಅಂದರೆ 60 ಅಡಿ. ಹಳೇ ಬಾಣಕ್ಕೆ 0.22 ಸೆಕೆಂಡ್, ಹೊಸದಕ್ಕೆ 0.25. ಶಬ್ದ ಮಾತ್ರ 0.05 ಸೆಕೆಂಡಿಗೇ ಅಲ್ಲಿರುತ್ತದೆ. ಯಾವ ಬಾಣವೂ ಶಬ್ದವನ್ನು ಗೆಲ್ಲುವುದಿಲ್ಲ, ಆ 0.03 ಸೆಕೆಂಡಿಗಾಗಿ ಭೇದಿಸುವ ಬಲ ಬಿಟ್ಟುಕೊಡುವುದು ನನಗಂತೂ ನಷ್ಟದ ವ್ಯಾಪಾರ. ಭಾರದ ಬಾಣ ಬಿಲ್ಲಿನ ಸದ್ದನ್ನೂ ತಗ್ಗಿಸುತ್ತದೆ.

ಹಾಗಂತ ಇನ್ನೊಂದು ಅತಿಗೆ ಹೋಗಬೇಕಿಲ್ಲ. ಡಾ. ಎಡ್ ಆಶ್ಬಿ ಅವರ ಪ್ರಯೋಗಗಳನ್ನು ಓದಿ 650 ಗ್ರೇನಿಗಿಂತ ಕಡಿಮೆ ಬಾಣವೇ ಅಲ್ಲ ಅನ್ನುವವರಿದ್ದಾರೆ. ಅವರು ಆ ಅಂಕಿ ಹೇಳಿದ್ದು ದಪ್ಪ ಮೂಳೆ ಮುರಿಯುವ ಸಂದರ್ಭಕ್ಕೆ. ಬಾಣ ಭಾರವಾದಷ್ಟೂ ಬೇಗ ಕೆಳಗಿಳಿಯುತ್ತದೆ, ದೂರದ ಅಂದಾಜು ಐದು ಗಜ ತಪ್ಪಿದರೆ ಮತ್ತದೇ ಗಾಯಗೊಂಡ ಜಿಂಕೆ. ನನ್ನಂಥವರ ಬಿಲ್ಲಿಗೆ, ಬಿಳಿಬಾಲದ ಜಿಂಕೆಗೆ 450ರ ಆಸುಪಾಸು ಸಾಕು. ಜೊತೆಗೆ 25 ಗಜ ದಾಟಿದರೆ ಬಾಣ ಬಿಡುವುದಿಲ್ಲ ಅನ್ನುವ ನಿಯಮ.

ಹಾಗಾದರೆ ದುಡ್ಡು ಉಳಿಸುವುದು ಎಲ್ಲಿ? ನೇರತನದಲ್ಲಿ. ಡಬ್ಬಿಯ ಮೇಲೆ 0.001, 0.003, 0.006 ಇಂಚು ಅಂತ ಬರೆದು ಅದಕ್ಕೆ ತಕ್ಕಂತೆ ಬೆಲೆ ಏರಿಸುತ್ತಾರೆ. 0.006 ಇಂಚು ಅಂದರೆ 0.15 ಮಿಲಿಮೀಟರ್, ಒಂದೂವರೆ ಹಾಳೆ ಕಾಗದದ ದಪ್ಪ. ಚಳಿಯಲ್ಲಿ ಗಡಗಡ ನಡುಗುವ ನನ್ನ ಕೈಗೆ 20 ಗಜದಲ್ಲಿ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲ. ನಡುವಿನ 0.003 ಕೊಂಡು, ಉಳಿದ ದುಡ್ಡಿಗೆ ಒಂದು ಗ್ರೇನ್ ತಕ್ಕಡಿ ಮತ್ತು ಒಳ್ಳೇ ಬ್ರಾಡ್‌ಹೆಡ್ ತಗೊಳ್ಳಿ. ಡಜನ್‌ನಲ್ಲಿ ಎಲ್ಲದರ ತೂಕವೂ ಒಂದೇ ಇದೆಯೇ ನೋಡುವುದು ಹೆಚ್ಚು ಉಪಯೋಗ.

ಕೊನೆಯದು, ನಿಮ್ಮ ಕೈಗೆ ಸಂಬಂಧಿಸಿದ್ದು. ಅಲ್ಯೂಮಿನಿಯಂ ಬಾಣ ಕೆಟ್ಟರೆ ಸೊಟ್ಟಗಾಗಿ ತಾನೇ ಹೇಳಿಬಿಡುತ್ತದೆ. ಕಾರ್ಬನ್ ಹಾಗಲ್ಲ, ಒಳಗೆ ಬಿರುಕು ಬಿಟ್ಟಿದ್ದರೂ ನೋಡಲು ನೆಟ್ಟಗೇ ಇರುತ್ತದೆ. ಎರರ್ ಲಾಗ್ ಇಲ್ಲದ ಬಗ್! ಅಂಥ ಕೋಲು ಹೆದೆ ಬಿಟ್ಟ ಕ್ಷಣ ಸಿಡಿದರೆ ಚೂರುಗಳು ಬಿಲ್ಲು ಹಿಡಿದ ಕೈಗೇ ನುಗ್ಗುತ್ತವೆ. ಪ್ರತಿ ಸಲ ಹೆದೆಗೇರಿಸುವ ಮೊದಲು ಎರಡೂ ತುದಿ ಹಿಡಿದು ಸ್ವಲ್ಪ ಬಾಗಿಸಿ, ತಿರುಗಿಸಿ ಮತ್ತೆ ಬಾಗಿಸಿ, ತಿರುಚಿ ನೋಡಿ. ಚಿಟಚಿಟ ಅಂದರೆ, ಕೈಗೆ ಎಳೆ ಸಿಕ್ಕರೆ ಮುರಿದು ಎಸೆಯಿರಿ. ಬೇಟೆಯಲ್ಲಿ ಕೋಲು ಮುರಿದಿದ್ದರೆ ಗಾಯದ ಸುತ್ತಲಿನ ಮಾಂಸವನ್ನು ಕತ್ತರಿಸಿ ತೆಗೆಯಿರಿ, ಕಾರ್ಬನ್ ಎಳೆ ಹೊಟ್ಟೆಗೆ ಹೋಗಬಾರದು.

ಹೊಸ ಬಾಣ ಬಂದ ಮೇಲೆ ಬೇಸಿಗೆಯೆಲ್ಲ ಬ್ರಾಡ್‌ಹೆಡ್ ಹಾಕಿಯೇ ಅಭ್ಯಾಸ ಮಾಡಿದೆ. ನವೆಂಬರಿನಲ್ಲಿ 18 ಗಜಕ್ಕೆ ಒಂದು ಜಿಂಕೆ ಬಂತು. ಬಾಣ ಈ ಕಡೆಯಿಂದ ಆ ಕಡೆಗೆ ಹಾದು ಮಣ್ಣಿನಲ್ಲಿ ನೆಟ್ಟಿತ್ತು. ಜಿಂಕೆ ಅರವತ್ತು ಹೆಜ್ಜೆ ಹೋಗಿ ಬಿತ್ತು, ಹುಡುಕುವ ಕೆಲಸವೇ ಇರಲಿಲ್ಲ. ಖುಷಿಯಾಯಿತು ಅಂತ ಹೇಳಲಾರೆ, ನೆಮ್ಮದಿಯಾಯಿತು. ಹಳೇ ಜಿಂಕೆಯ ಲೆಕ್ಕ ಅದರಿಂದ ಚುಕ್ತಾ ಆಗಲಿಲ್ಲ ಅನ್ನುವುದೂ ಗೊತ್ತು.

ಇಲ್ಲಿರುವ ಕನ್ನಡದ ಹುಡುಗರು ಕೆಲವರು ಈಗೀಗ ಬಿಲ್ಲು ಹಿಡಿಯುತ್ತಿದ್ದಾರೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟು ಸ್ಪೀಡ್ ಬರುತ್ತೆ?" ಅದನ್ನು ಕೊನೆಗೆ ಕೇಳ್ರಪ್ಪಾ. ಮೊದಲು ನಿಮ್ಮ ಬಿಲ್ಲಿಗೆ ಯಾವ ಸ್ಪೈನ್ ಅಂತ ಕೇಳಿ. ಎಳೆತ ಬದಲಿಸಿದ ದಿನ ಮತ್ತೆ ಕೇಳಿ.

ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ಬೈಯುವವರು ಬೈಯಬಹುದು, ಆ ಮೊದಲ ಜಿಂಕೆಯ ವಿಷಯಕ್ಕಾದರೆ ನನ್ನ ಹತ್ತಿರ ಉತ್ತರವಿಲ್ಲ.